ಯಶವಂತನಗರದಿಂದ ಹೆಲ್ಗೋಲ್ಯಾಂಡಿಗೆ

ಸಂಡೂರು ತಾಲ್ಲೂಕಿನ ಯಶವಂತನಗರದಿಂದ ಹತ್ತಿರದ ಕಡಲತೀರ ಇನ್ನೂರು ಕಿಲೋಮೀಟರಿಗೂ ದೂರ. ನಡುವೆ ಬಯಲುಸೀಮೆ, ಆಮೇಲೆ ಘಟ್ಟ. ಹಾಗಿದ್ದೂ ಭೂವಿಜ್ಞಾನಿಗಳ ಬರಹಗಳಲ್ಲಿ ಈ ಊರಿನ ಹೆಸರು ಸಮುದ್ರದ ಜೊತೆಗೇ ಬರುತ್ತದೆ. ಸಂಡೂರು ಗುಡ್ಡಗಳ ಕಲ್ಲನ್ನು ವಿಂಗಡಿಸಿದವರು ಒಂದು ಭಾಗಕ್ಕೆ ‘ಯಶವಂತನಗರ ಶಿಲಾಶ್ರೇಣಿ’ ಎಂದೇ ಹೆಸರಿಟ್ಟಿದ್ದಾರೆ. ದೇವಗಿರಿಗೆ, ದೋಣಿಮಲೈಗೆ ಬೇರೆ ಬೇರೆ ಶ್ರೇಣಿಗಳಿವೆ. ನಾವು ಲಾರಿಗೆ ತುಂಬಿ ಕಳಿಸಿದ ಕಬ್ಬಿಣದ ಅದಿರೆಲ್ಲ ಒಂದು ಕಾಲದ ಸಮುದ್ರತಳದ ಕೆಸರು.

ಆ ಕಾಲ ಯಾವುದೆಂದು ತಿಳಿಯಲು ಸಂಡೂರಿನ ಕಲ್ಲಿನೊಳಗಿನ ಜಿರ್ಕಾನ್ ಹರಳುಗಳನ್ನು ‘ಶ್ರಿಂಪ್’ ಎಂಬ ಉಪಕರಣದಲ್ಲಿಟ್ಟು ಪರೀಕ್ಷಿಸಿದರು. ಇದು ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ರೂಪುಗೊಂಡ ಯಂತ್ರ. 1996ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಇಲ್ಲಿನ ಒಂದು ಜ್ವಾಲಾಮುಖಿ ಶಿಲೆಯ ವಯಸ್ಸು ಸುಮಾರು 266 ಕೋಟಿ ವರ್ಷ. ಅದಕ್ಕೂ ಮೊದಲು, 1987ರಲ್ಲಿ, ಭೂವಿಜ್ಞಾನಿ ಎಸ್.ಎಂ. ನಖ್ವಿ ಮತ್ತು ಸಂಗಡಿಗರು ಸಂಡೂರಿನ ಬೆಣಚುಮಯ ಕಲ್ಲಿನಲ್ಲಿ ನೀಲಿ-ಹಸಿರು ಪಾಚಿಯ ಕುರುಹು ಕಂಡದ್ದಾಗಿ ಬರೆದಿದ್ದರು. ಬಿಸಿಲು ಹೀರಿ ಆಮ್ಲಜನಕ ಬಿಡುವ ಸೂಕ್ಷ್ಮಜೀವಿ ಅದು. ನೀರಿನಲ್ಲಿ ಕರಗಿದ್ದ ಕಬ್ಬಿಣ ಅಂಥ ಜೀವಿಗಳು ಬಿಟ್ಟ ಆಮ್ಲಜನಕದ ಜೊತೆ ಕೂಡಿ, ತುಕ್ಕಾಗಿ ತಳ ಸೇರಿತು ಎಂಬುದು ಕಬ್ಬಿಣದ ಅದಿರಿನ ಹುಟ್ಟಿನ ಬಗ್ಗೆ ಹೆಚ್ಚು ಪ್ರಚಲಿತವಾಗಿರುವ ವಿವರಣೆ.

ಹಾಗಾಗಿ ಸಂಡೂರಿನ ಹುಡುಗ ಹುಡುಗಿಯರು ಸಮುದ್ರ ವಿಜ್ಞಾನ ಓದುತ್ತೇವೆ ಎಂದರೆ ನನಗೇನೂ ವಿಚಿತ್ರ ಅನಿಸುವುದಿಲ್ಲ. ಅವರಿಗೆ ಹೇಳಬೇಕಾದ ಒಂದು ಸಂಸ್ಥೆ ‘ಪೋಗೊ’. ಜಗತ್ತಿನ ಸಾಗರ ಸಂಶೋಧನಾ ಸಂಸ್ಥೆಗಳು 1999ರಲ್ಲಿ ಕಟ್ಟಿಕೊಂಡ ಕೂಟವಿದು. 1957ರಿಂದ ಇರುವ ‘ಸ್ಕೋರ್’ ಎಂಬ ಅಂತರರಾಷ್ಟ್ರೀಯ ಸಾಗರ ಸಮಿತಿಯೊಂದಿಗೆ ಸೇರಿ ಅದು ಅಭಿವೃದ್ಧಿಶೀಲ ದೇಶಗಳ ಯುವ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ಅವಧಿ ಒಂದರಿಂದ ಮೂರು ತಿಂಗಳು. ಹೊರದೇಶದ ಪ್ರಯೋಗಾಲಯವೊಂದರಲ್ಲಿ ಕೂತು ಒಂದೇ ಒಂದು ವಿಧಾನವನ್ನು ಸರಿಯಾಗಿ ಕಲಿತು ಬರುವುದು ಅದರ ಉದ್ದೇಶ. ಅರ್ಜಿಗೆ ಅಲ್ಲಿನ ಮಾರ್ಗದರ್ಶಕರ ಒಪ್ಪಿಗೆ ಬೇಕು, ಇಲ್ಲಿನ ಮಾರ್ಗದರ್ಶಕರ ಪತ್ರವೂ ಬೇಕು. ಕಲಿತದ್ದನ್ನು ತವರಿನ ಸಂಸ್ಥೆಯಲ್ಲಿ ಬಳಸುವುದು ಹೇಗೆಂದು ಹೇಳಬೇಕು. ಈ ಕೊನೆಯ ಷರತ್ತೇ ನನಗೆ ಹಿಡಿಸಿದ್ದು. ‘ಅಂತರರಾಷ್ಟ್ರೀಯ ಅನುಭವ’ ಎಂದು ಲಕ್ಷಗಟ್ಟಲೆ ಶುಲ್ಕ ಕಟ್ಟಿಸಿಕೊಂಡು ಎರಡು ವಾರ ಸುತ್ತಾಡಿಸಿ, ಪ್ರಮಾಣಪತ್ರ ಕೈಗಿಡುವವರೂ ಇದ್ದಾರೆ. ಖರ್ಚು ಯಾರದು ಎಂಬ ಒಂದು ಪ್ರಶ್ನೆ ಕೇಳಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಜಪಾನಿನ ನಿಪ್ಪಾನ್ ಫೌಂಡೇಶನ್ ಜೊತೆ ಸೇರಿ ಪೋಗೊ ಹತ್ತು ತಿಂಗಳ ತರಬೇತಿಯನ್ನೂ ನಡೆಸುತ್ತ ಬಂದಿದೆ. 2008ರಲ್ಲಿ ಬರ್ಮುಡಾದಲ್ಲಿ ಶುರುವಾದದ್ದು 2013ರಲ್ಲಿ ಜರ್ಮನಿಯ ಹೆಲ್ಗೋಲ್ಯಾಂಡ್ ದ್ವೀಪಕ್ಕೆ ಬಂತು. ಉತ್ತರ ಸಮುದ್ರದ ಈ ಪುಟ್ಟ ದ್ವೀಪದ ಕಡಿದಾದ ಬಂಡೆಗಳು ಕೆಂಪು. ಕಾರಣ ಅಲ್ಲೂ ಕಬ್ಬಿಣವೇ, ಮರಳುಗಲ್ಲಿನಲ್ಲಿ ಸೇರಿಕೊಂಡದ್ದು. 1892ರಲ್ಲಿ ಅಲ್ಲಿ ಜೀವವಿಜ್ಞಾನ ಕೇಂದ್ರ ಶುರುವಾಯಿತು. 1962ರಿಂದ ಕೆಲಸದ ದಿನಗಳಂದು ದೋಣಿಯಲ್ಲಿ ಹೋಗಿ ಒಂದೇ ಜಾಗದಿಂದ ನೀರು ತರುತ್ತಾರೆ. ತಾಪಮಾನ, ಉಪ್ಪು, ಪೋಷಕಾಂಶ, ತೇಲುವ ಸೂಕ್ಷ್ಮಸಸ್ಯಗಳು ಎಲ್ಲವನ್ನೂ ದಾಖಲಿಸುತ್ತಾರೆ. ಅಲ್ಲಿನ ನೀರು ಒಂದೂವರೆ ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ ಎಂದು ಖಚಿತವಾಗಿ ಹೇಳಲು ಆದದ್ದು ಈ ದಾಖಲೆಯಿಂದ. ಹೊರದೇಶದಿಂದ ಬಂದ ವಿದ್ಯಾರ್ಥಿ ಅಲ್ಲಿ ಕಲಿಯುವುದು ದುಬಾರಿ ಯಂತ್ರ ನಡೆಸುವುದನ್ನಷ್ಟೇ ಅಲ್ಲ, ಬೇಸರವಾಗುವಷ್ಟು ಕ್ರಮಬದ್ಧವಾಗಿ ನೀರು ಅಳೆಯುವುದನ್ನೂ.

ಅಲ್ಲಿಗೆ ದಾರಿ ಪಿಯುಸಿಯಿಂದ ನೇರವಾಗಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದಲ್ಲಿ ಈ ಬಗೆಯ ಮೊದಲನೆಯದು. ಅಲ್ಲಿನ ಬಿ.ಎಫ್.ಎಸ್‌ಸಿ.ಗೆ ಸಿಇಟಿ ಮೂಲಕ ಸೀಟು ಸಿಗುತ್ತದೆ. ಯುನೆಸ್ಕೊದ ಸಾಗರ ಜೈವಿಕ ತಂತ್ರಜ್ಞಾನ ಕೇಂದ್ರವೊಂದು ಅಲ್ಲೇ ನಡೆದದ್ದರಿಂದ ಹೊರದೇಶದ ಒಡನಾಟ ಆ ಕಾಲೇಜಿಗೆ ಹೊಸದಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ. ಸಂಡೂರಿನವರಿಗೆ ಹೆಚ್ಚು ಒಗ್ಗುವುದು ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ಎಂದು ನನ್ನ ಎಣಿಕೆ. ಮ್ಯಾಂಗನೀಸ್ ಗಡ್ಡೆಗಳು ಇಂದಿಗೂ ಹಿಂದೂ ಮಹಾಸಾಗರದ ತಳದಲ್ಲಿ ಬೆಳೆಯುತ್ತಿವೆ. ದೇವಗಿರಿಯ ಮ್ಯಾಂಗನೀಸ್ ಕಣ್ಣಾರೆ ಕಂಡವರಿಗೆ ಆ ಪಾಠ ಬೇಗ ತಲೆಗೆ ಹತ್ತೀತು.

ಫೆಲೋಶಿಪ್‌ಗೆ ಅರ್ಜಿ ಹಾಕುವ ಹೊತ್ತಿಗೆ ಸ್ವಂತ ಅಳತೆಗಳ ಒಂದು ಪುಸ್ತಕ ಕೈಯಲ್ಲಿದ್ದರೆ ಒಳ್ಳೆಯದು. ಅದಕ್ಕೆ ಕಡಲೇ ಬೇಕೆಂದಿಲ್ಲ, ತುಂಗಭದ್ರಾ ಹಿನ್ನೀರು ಸಾಕು. ಕೆಲವು ವರ್ಷ ಅದು ಹಸಿರುಗಟ್ಟುವುದನ್ನು ಹೊಸಪೇಟೆಯವರೆಲ್ಲ ನೋಡಿದ್ದಾರೆ. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು ನೀರಿನ ತಿಳಿತನ ಅಳೆದರು. ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೆರೆ, ಜಲಾಶಯಗಳಿಗೆ ಇಪ್ಪತ್ತು ಸೆಂಟಿಮೀಟರ್ ಅಗಲದ ತಟ್ಟೆ ಬೇಕು, ಅದನ್ನು ನಾಲ್ಕು ಪಾಲು ಮಾಡಿ ಕಪ್ಪು ಬಿಳಿ ಬಣ್ಣ ಬಳಿದಿರಬೇಕು. ಯಾವ ವೆಲ್ಡಿಂಗ್ ಅಂಗಡಿಯವರಾದರೂ ತಗಡು ಕತ್ತರಿಸಿ ಕೊಡುತ್ತಾರೆ. ಅಳತೆಯ ಗುರುತು ಹಾಕಿದ ಹಗ್ಗ ಕಟ್ಟಿ, ತಟ್ಟೆ ಕಣ್ಮರೆಯಾಗುವ ಆಳವನ್ನು ಬರೆದಿಡಿ. ಪ್ರತಿ ವಾರ ಅದೇ ಜಾಗ, ನಡುಮಧ್ಯಾಹ್ನದ ಅದೇ ಹೊತ್ತು ಇರಲಿ. ಹರಿಗೋಲಿನವರನ್ನು ಒಪ್ಪಿಸಿ ಅವರ ಜೊತೆಗೇ ಹೋಗಿ. ಒಬ್ಬರೇ ನೀರಿಗಿಳಿಯಬೇಡಿ, ತುಂಗಭದ್ರೆಯಲ್ಲಿ ಮೊಸಳೆಗಳಿವೆ.