ಮಿದುಳಿನ ಕಾವಲೂ ಎಚ್.ಐ.ವಿ. ನಿರ್ಮೂಲನದ ಹೊಸ ಔಷಧಗಳೂ

ವೈದ್ಯಶಾಸ್ತ್ರವು ಈ ಲೇಖಕನ ಅಧ್ಯಯನಕ್ಷೇತ್ರವಲ್ಲ. ಆದರೆ ಒಂದು ಭಾವನೆಯು ಹೇಗೆ ಹುಟ್ಟಿ, ಹೇಗೆ ತಿದ್ದಿಕೊಂಡು, ಮುಂದೆ ಯಾವ ಪ್ರಶ್ನೆಗೆ ಎಡೆಗೊಟ್ಟಿತೆಂಬುದನ್ನು ಪರಿಶೀಲಿಸುವುದು ಚರಿತ್ರೆಯ ಕೆಲಸವೇ. ರಕ್ತಕ್ಕೂ ಮಿದುಳಿಗೂ ನಡುವಣ ತಡೆಯ ವಿಷಯವು ಅಂಥದು.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಅವರು ಪ್ರಾಣಿಗಳ ರಕ್ತದಲ್ಲಿ ಬಣ್ಣಗಳನ್ನು ಸೇರಿಸಿದಾಗ ಇತರ ಅಂಗಗಳಿಗೆ ಬಣ್ಣವೇರಿತು. ಮಿದುಳು ಮಾತ್ರ ಹಾಗೆಯೇ ಉಳಿಯಿತು. ಮಿದುಳಿಗೆ ಬಣ್ಣವನ್ನು ಹೀರುವ ಗುಣವಿಲ್ಲವೆಂದು ಅವರು ಊಹಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದರು. ಈ ಸಲ ಮಿದುಳಿಗೆ ಬಣ್ಣ ಹತ್ತಿತು, ಉಳಿದ ಅಂಗಗಳಿಗೆ ಹತ್ತಲಿಲ್ಲ. ನಡುವೆ ತಡೆಯೊಂದಿದೆಯೆಂಬುದು ಇದರಿಂದ ಸೂಚಿತವಾಯಿತು. ಆ ತಡೆಯ ಸ್ವರೂಪವನ್ನು 1967ರಲ್ಲಿ ರೀಸ್ ಮತ್ತು ಕಾರ್ನೊವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು: ಮಿದುಳಿನ ಲೋಮನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ. ಇದಲ್ಲದೆ, ಒಳನುಗ್ಗಿದ ಅನ್ಯವಸ್ತುಗಳನ್ನು ಮರಳಿ ರಕ್ತಕ್ಕೆ ದೂಡುವ ಪ್ರೋಟೀನುಗಳೂ ಅಲ್ಲಿವೆ. ಪಿ-ಗ್ಲೈಕೊಪ್ರೋಟೀನ್ ಅವುಗಳಲ್ಲಿ ಮುಖ್ಯವಾದುದು.

1983ರಲ್ಲಿ ಪ್ಯಾರಿಸ್ಸಿನಲ್ಲಿ ಪತ್ತೆಯಾದ ಎಚ್.ಐ.ವಿ. ಸೋಂಕಿನ ಮೊದಲ ವಾರಗಳಲ್ಲಿಯೇ ಈ ಕಾವಲನ್ನು ದಾಟಬಲ್ಲದು. ಸೋಂಕು ತಗುಲಿದ ಬಿಳಿಯ ರಕ್ತಕಣಗಳೊಡನೆ ಅದು ಒಳಹೊಕ್ಕು ಮೈಕ್ರೋಗ್ಲಿಯಾ ಮುಂತಾದ ಕೋಶಗಳಲ್ಲಿ ನೆಲೆಸುತ್ತದೆ. ಆದರೆ ಅದರ ವಿರುದ್ಧ ಕೊಡುವ ಔಷಧಗಳಲ್ಲಿ ಹಲವನ್ನು, ಮುಖ್ಯವಾಗಿ ಪ್ರೋಟಿಯೇಸ್ ನಿರೋಧಕಗಳನ್ನು, ಮೇಲೆ ಹೇಳಿದ ಪ್ರೋಟೀನು ಹೊರದೂಡುತ್ತದೆ. ಶತ್ರುವಿಗೆ ತೆರೆದ ಬಾಗಿಲು ಮಿತ್ರನಿಗೆ ಮುಚ್ಚಿದಂತಾಯಿತು.

1996ರಿಂದ ಬಳಕೆಗೆ ಬಂದ ಸಂಯುಕ್ತ ಚಿಕಿತ್ಸೆಯು ವೈರಸ್ಸನ್ನು ಅಡಗಿಸುತ್ತದೆ, ನಿರ್ಮೂಲಗೊಳಿಸುವುದಿಲ್ಲ. ಕೆಲವು ಕೋಶಗಳ ವಂಶತಂತುವಿನಲ್ಲಿ ಅದು ನಿದ್ರಿಸುತ್ತಿರುವುದೇ ಕಾರಣ. ಅದನ್ನು ಎಚ್ಚರಿಸಿ, ಅನಂತರ ನಾಶಪಡಿಸಬೇಕೆಂಬುದು ಹೊಸ ಪ್ರಯೋಗಗಳ ಒಂದು ಉದ್ದೇಶ. ಕ್ಯಾನ್ಸರಿಗೆ ಬಳಸುವ ವೊರಿನೊಸ್ಟಾಟಿನ ಒಂದೇ ಸಲದ ಪ್ರಮಾಣದಿಂದ ವೈರಸ್ಸು ಎಚ್ಚರಗೊಳ್ಳುವುದನ್ನು ಅಮೆರಿಕದ ಸಂಶೋಧಕರು 2012ರಲ್ಲಿ ವರದಿಮಾಡಿದರು. ಅದೇ ವರ್ಗದ ಪ್ಯಾನೊಬಿನೊಸ್ಟಾಟ್, ರೊಮಿಡೆಪ್ಸಿನ್‌ಗಳನ್ನೂ ಪರೀಕ್ಷಿಸಲಾಯಿತು. ವೈರಸ್ಸು ಎಚ್ಚರಗೊಂಡರೂ ಅದರ ಅಡಗುದಾಣಗಳು ಬರಿದಾಗಲಿಲ್ಲ.

ಮಿದುಳಿನ ಮಟ್ಟಿಗೆ ಇಲ್ಲಿ ಇಬ್ಬಗೆಯ ತೊಡಕಿದೆ. ಔಷಧವು ತಡೆಯನ್ನು ದಾಟದಿದ್ದರೆ ಮಿದುಳಿನ ವೈರಸ್ಸು ಹಾಗೆಯೇ ಉಳಿಯುತ್ತದೆ. ದಾಟಿದರೆ, ಎಚ್ಚರಗೊಂಡ ವೈರಸ್ಸು ಉರಿಯೂತವನ್ನುಂಟುಮಾಡಿ, ಒಮ್ಮೆ ಅಳಿದರೆ ಮತ್ತೆ ಹುಟ್ಟದ ನರಕೋಶಗಳಿಗೆ ಕೇಡುಂಟುಮಾಡಬಹುದು. ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನು ಲೋಮನಾಳದ ಬೆಸುಗೆಯನ್ನೇ ಸಡಿಲಿಸಬಲ್ಲದೆಂಬುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದುಂಟು. ಈ ಔಷಧಗಳು ವೈರಸ್ಸನ್ನು ಮಾತ್ರ ಆರಿಸಿ ಎಚ್ಚರಿಸುವುದಿಲ್ಲ. ಕೋಶದ ಇತರ ಜೀನುಗಳನ್ನೂ ಪ್ರಚೋದಿಸುತ್ತವೆ. ಪಿ-ಗ್ಲೈಕೊಪ್ರೋಟೀನನ್ನು ಹೆಚ್ಚಿಸುವ ಗುಣ ಈ ವರ್ಗದ ಹಲವು ಔಷಧಗಳಲ್ಲಿ ಕಂಡುಬಂದಿದೆ. ಮಿದುಳಿನ ಬಾಗಿಲಲ್ಲಿ ಹೀಗಾದರೆ, ವೈರಸ್ಸು ಎದ್ದ ಹೊತ್ತಿಗೇ ಅದನ್ನು ತಡೆಯಬೇಕಾದ ಔಷಧವು ಹೊರಗುಳಿಯುವ ಸಂಭವವಿದೆ.

ಆದುದರಿಂದ ರಕ್ತದ ಪರೀಕ್ಷೆಯೊಂದರಿಂದಲೇ ಇಂಥ ಚಿಕಿತ್ಸೆಯ ಗುಣದೋಷಗಳನ್ನು ನಿರ್ಣಯಿಸಲಾಗದು. ಪ್ರಯೋಗಕ್ಕೆ ಒಪ್ಪಿ ಬರುವವರಲ್ಲಿ ಬಹುಮಂದಿ ಈಗಿನ ಔಷಧದಿಂದ ಸ್ವಸ್ಥರಾಗಿಯೇ ಬಾಳುತ್ತಿರುವವರು. ಫಲವು ಮುಂದಿನವರದು, ಅಪಾಯವು ಅವರದು. ಎರ್ಲಿಖ್ ಅವರ ಊಹೆಯನ್ನು ತಿದ್ದಿದ್ದು ಇನ್ನೊಂದು ಕಡೆಯಿಂದ ಮಾಡಿದ ಪರೀಕ್ಷೆ. ಇಲ್ಲಿಯೂ ಮಿದುಳಿನ ಕಡೆಯಿಂದ ನೋಡದೆ ತೀರ್ಪು ಕೊಡುವುದು ಯುಕ್ತವಲ್ಲ.