ನೋಡದೆ ಅಂತರಜಾಲದ ಮೂಲಕ ಹಳೆಯ ಕಾರು ಖರೀದಿ: ಅಪಾಯಗಳು ಮತ್ತು ಮುನ್ನೆಚ್ಚರಿಕೆಗಳು

ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲೂಕುಗಳಲ್ಲಿ ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿ ಅಥವಾ ಭತ್ತದ ಫಸಲಿನ ಹಣ ಕೈಸೇರಿದಾಗ ಕಾರು ಕೊಳ್ಳುವ ವಿಚಾರ ಮಾಡುವ ಕುಟುಂಬಗಳುಂಟು. ರಾತ್ರಿ ವೇಳೆ ರೋಗಿಯನ್ನು ಹುಬ್ಬಳ್ಳಿ ಅಥವಾ ಧಾರವಾಡದ ಆಸ್ಪತ್ರೆಗೆ ಕರೆದೊಯ್ಯಲು ಸ್ವಂತ ವಾಹನವಿದ್ದರೆ ಅನುಕೂಲವೆಂಬುದು ನಿಜ. ಹೊಸ ಕಾರಿನ ಬೆಲೆ ಭರಿಸಲಾಗದವರಿಗೆ ಹಳೆಯ ಕಾರು ಸಹಜವಾದ ಆಯ್ಕೆಯಾಗಿದೆ. ಆದರೆ ಅಂತರಜಾಲದಲ್ಲಿ ಪ್ರಕಟವಾದ ನಾಲ್ಕಾರು ಛಾಯಾಚಿತ್ರಗಳನ್ನು ನೋಡಿ, ದೂರದ ಊರಿನ ಮಾರಾಟಗಾರನಿಗೆ ಹಣ ಕಳುಹಿಸಿ ಕಾರು ಖರೀದಿಸುವುದು ವರ್ಷದ ದುಡಿಮೆಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಕಾರಣವಾಗಬಹುದು. ಹಳೆಯ ಕಾರಿನ ಖರೀದಿಯಲ್ಲಿ ಕೊಳ್ಳುವವನು ವಾಹನಕ್ಕೆ ಮಾತ್ರವಲ್ಲದೆ ಅದರ ದಾಖಲೆಗೂ ಬೆಲೆ ಕೊಡುತ್ತಾನೆ. ಇವೆರಡನ್ನೂ ಒಂದೇ ಸ್ಥಳದಲ್ಲಿ ತಾಳೆ ನೋಡುವವರೆಗೆ ಯಾವುದೇ ಮೊತ್ತವನ್ನು ಪಾವತಿಸಬಾರದೆಂಬುದೇ ಈ ಮಾಹಿತಿಯ ಮುಖ್ಯ ಆಶಯವಾಗಿದೆ.

1. ಛಾಯಾಚಿತ್ರದಲ್ಲಿ ಕಾಣದ ದೋಷಗಳು

ಬೆಣ್ಣೆಹಳ್ಳ ಮತ್ತು ತುಪ್ಪರಿಹಳ್ಳಗಳ ಪ್ರವಾಹ ಕಂಡ ನವಲಗುಂದ ಭಾಗದ ರೈತರಿಗೆ, ನೀರಿನಲ್ಲಿ ಮುಳುಗಿದ ಪಂಪ್‌ಸೆಟ್ ಹೊರಗಿನಿಂದ ಒರೆಸಿದ ಮಾತ್ರಕ್ಕೆ ಸರಿಹೋಗುವುದಿಲ್ಲವೆಂಬುದು ಗೊತ್ತಿರುವ ಸಂಗತಿ. ಕಾರಿನ ವಿಷಯವೂ ಹಾಗೆಯೇ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ ಮತ್ತು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳು ಜಲಾವೃತವಾದಾಗ ಅನೇಕ ಕಾರುಗಳು ನೀರಿನಲ್ಲಿ ನಿಂತವು. ಹೀಗೆ ನೀರು ಹೊಕ್ಕ ಕಾರನ್ನು ತೊಳೆದು, ಹೊಳಪು ನೀಡಿ ಛಾಯಾಚಿತ್ರ ತೆಗೆದರೆ ದೋಷ ಕಾಣಿಸುವುದಿಲ್ಲ. ವಿದ್ಯುತ್ ತಂತಿಗಳ ಜೋಡಣೆ, ಏರ್‌ಬ್ಯಾಗಿನ ನಿಯಂತ್ರಕ ಮತ್ತು ಬ್ರೇಕ್ ವ್ಯವಸ್ಥೆಯ ಭಾಗಗಳು ತಿಂಗಳುಗಳ ನಂತರ ತುಕ್ಕು ಹಿಡಿದು ಕೈಕೊಡಬಹುದು.

ಸ್ಥಳದಲ್ಲಿ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

ಅ) ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗುರುತು ಇದೆಯೇ ಎಂದು ನೋಡುವುದು, ನೆಲಹಾಸು ಮತ್ತು ಸ್ಟೆಪ್ನಿ ಚಕ್ರವನ್ನು ಎತ್ತಿ ಅಡಿಯಲ್ಲಿ ತೇವ, ತುಕ್ಕು ಅಥವಾ ಮುಗ್ಗಲು ವಾಸನೆ ಇದೆಯೇ ಎಂದು ಗಮನಿಸುವುದು.

ಆ) ಬಾಗಿಲು ಹಾಗೂ ಬಾನೆಟ್‌ಗಳ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿವೆಯೇ, ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತುಗಳಿವೆಯೇ, ಬಣ್ಣದಲ್ಲಿ ವ್ಯತ್ಯಾಸವಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡುವುದು. ಇವು ಹಿಂದಿನ ಅಪಘಾತದ ಸೂಚನೆಗಳಾಗಿರಬಹುದು.

ಇ) ಮೀಟರಿನಲ್ಲಿ ತೋರುವ ಕಿಲೋಮೀಟರುಗಳನ್ನು ಸರ್ವಿಸ್ ದಾಖಲೆಯೊಂದಿಗೆ ಹೋಲಿಸುವುದು. ಮೀಟರ್ 30,000 ಕಿ.ಮೀ. ತೋರಿಸುತ್ತಿದ್ದು, ಬ್ರೇಕ್ ಮತ್ತು ಕ್ಲಚ್ ಪೆಡಲುಗಳ ರಬ್ಬರ್ ಪೂರ್ಣ ಸವೆದಿದ್ದಲ್ಲಿ ಸಂಶಯಕ್ಕೆ ಆಸ್ಪದವಿದೆ.

ಈ) ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿಸಿ, ಹೊಗೆ ಮತ್ತು ಶಬ್ದವನ್ನು ಪರೀಕ್ಷಿಸುವುದು, ನಂತರ ಡಾಂಬರು ರಸ್ತೆಯಲ್ಲಿಯೂ ತಗ್ಗುದಿಣ್ಣೆಯ ದಾರಿಯಲ್ಲಿಯೂ ಓಡಿಸಿ ನೋಡುವುದು. ಮಳೆಗಾಲದಲ್ಲಿ ಎರೆಭೂಮಿಯ ಹೊಲದ ದಾರಿಯಲ್ಲಿ ಸಂಚರಿಸಬೇಕಾದವರು ಕಾರಿನ ತಳಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಗಮನಿಸಬೇಕು.

2. ದಾಖಲೆಗಳಲ್ಲಿ ಅಡಗಿರುವ ಅಪಾಯಗಳು

ಸರಕು ಮಾರಾಟ ಅಧಿನಿಯಮ, 1930ರ ಕಲಂ 27ರ ಸಾಮಾನ್ಯ ನಿಯಮದಂತೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಆದ್ದರಿಂದ ಕಳವಾದ ಕಾರನ್ನು ಪೂರ್ಣ ಬೆಲೆ ಕೊಟ್ಟು ಕೊಂಡಿದ್ದರೂ ಅದು ನಿಜವಾದ ಮಾಲೀಕನಿಗೇ ಸೇರುತ್ತದೆ. ನೋಂದಣಿ ಪ್ರಮಾಣಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ತಾಳೆ ನೋಡುವುದು ಇದಕ್ಕಾಗಿಯೇ. ಛಾಯಾಚಿತ್ರದ ಮೂಲಕ ಈ ಕಾರ್ಯ ಸಾಧ್ಯವಿಲ್ಲ. ಏಕೆಂದರೆ ಆ ಚಿತ್ರ ಬೇರೆ ಕಾರಿನದಾಗಿರಬಹುದು.

ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಸಾಲವಿರುವ ವಾಹನವನ್ನು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 51ರ ಮೇರೆಗೆ ಆ ಸಂಸ್ಥೆಯ ಒಪ್ಪಿಗೆಯಿಲ್ಲದೆ ವರ್ಗಾಯಿಸಲು ಬರುವುದಿಲ್ಲ. ಸಾಲ ತೀರಿದ್ದಲ್ಲಿ ನಮೂನೆ 35 ಮತ್ತು ಸಂಸ್ಥೆಯ ಋಣಮುಕ್ತ ಪತ್ರವನ್ನು ಕೇಳಿ ಪಡೆಯತಕ್ಕದ್ದು.

ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಹೆಸರು ವರ್ಗಾವಣೆಯಾಗದೆ ಉಳಿದಿರುವ ಸಾಧ್ಯತೆಯೂ ಇದೆ. ಇಂಥ ಒಂದು ಪ್ರಕರಣದಲ್ಲಿ 2007ರಿಂದ ಹಲವರ ಕೈ ದಾಟಿದ್ದ ಕಾರು 2009ರಲ್ಲಿ ಅಪಘಾತಕ್ಕೀಡಾಯಿತು. ನೋಂದಣಿ ಮೊದಲ ಮಾಲೀಕರ ಹೆಸರಿನಲ್ಲಿಯೇ ಇದ್ದುದರಿಂದ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ತೀರ್ಪಿತ್ತಿತು. ಹೆಸರು ವರ್ಗಾವಣೆಯಲ್ಲಿನ ವಿಳಂಬವು ಮಾರುವವರಿಗೂ ಕೊಳ್ಳುವವರಿಗೂ ಹಾನಿಕರವಾಗಿದೆ. ವಿಮೆ ಹಳೆಯ ಮಾಲೀಕರ ಹೆಸರಿನಲ್ಲಿಯೇ ಇದ್ದರೆ, ಕಾರಿಗೆ ಆದ ಹಾನಿಗೆ ಹೊಸ ಮಾಲೀಕರಿಗೆ ಪರಿಹಾರ ದೊರೆಯದೆ ಹೋಗಬಹುದು.

3. ಹೊರ ರಾಜ್ಯದ ಅಗ್ಗದ ಕಾರುಗಳು

ದೆಹಲಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ನಿರ್ಬಂಧಿಸಿತು. 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅನುಮೋದಿಸಿತು. ಆ ನಿರ್ಬಂಧದ ಸ್ವರೂಪ 2025ರಲ್ಲಿ ಬದಲಾಗಿದೆಯಾದರೂ, ಅಲ್ಲಿನ ಹಳೆಯ ಕಾರುಗಳು ಕಡಿಮೆ ಬೆಲೆಗೆ ಇತರ ರಾಜ್ಯಗಳತ್ತ ಬರಲು ಇದು ಒಂದು ಕಾರಣವಾಯಿತು.

ಜಾಹೀರಾತಿನ ಬೆಲೆಗೆ ಸಾಗಣೆ ವೆಚ್ಚ, ಕರ್ನಾಟಕದಲ್ಲಿ ಪಾವತಿಸಬೇಕಾದ ಜೀವಾವಧಿ ತೆರಿಗೆ, ಮರುನೋಂದಣಿ ಶುಲ್ಕ ಮತ್ತು ವಿಮೆಯ ವೆಚ್ಚ ಸೇರಿಸಿದ ನಂತರವೇ ನಿಜವಾದ ಬೆಲೆ ತಿಳಿಯುತ್ತದೆ. ಅಧಿನಿಯಮದ ಕಲಂ 48ರ ಮೇರೆಗೆ ಮೂಲ ರಾಜ್ಯದ ನಿರಾಕ್ಷೇಪಣಾ ಪತ್ರ ಇಲ್ಲದಿದ್ದಲ್ಲಿ ವಾಹನವನ್ನು ಇಲ್ಲಿ ನೋಂದಾಯಿಸಲು ತೊಡಕಾಗುತ್ತದೆ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಗಳವರೆಗೆ ಮಾತ್ರ ಊರ್ಜಿತವಾಗಿದ್ದು, ಆ ಬಳಿಕ ನವೀಕರಿಸಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

4. ಮುಂಗಡ ಹಣದ ವಂಚನೆ

ಕೆಲವು ಜಾಹೀರಾತುಗಳ ಹಿಂದೆ ಕಾರೇ ಇರುವುದಿಲ್ಲ. ತಾನು ಸೇನೆಯಲ್ಲಿ ಅಥವಾ ಅರೆಸೇನಾ ಪಡೆಯಲ್ಲಿರುವುದಾಗಿಯೂ ದೂರದ ಊರಿಗೆ ವರ್ಗವಾಗಿದ್ದರಿಂದ ಅಗ್ಗವಾಗಿ ಮಾರುತ್ತಿರುವುದಾಗಿಯೂ ಹೇಳಿ, ಗುರುತಿನ ಚೀಟಿಯ ಪ್ರತಿ ಕಳುಹಿಸಿ ನಂಬಿಸುವುದು ದೇಶದ ಅನೇಕ ಕಡೆ ವರದಿಯಾಗಿರುವ ವಿಧಾನ. ಮೊದಲು ಸಣ್ಣ ಮುಂಗಡ, ನಂತರ ಸಾಗಣೆ ಶುಲ್ಕ, ಆಮೇಲೆ ಮರಳಿಸಲಾಗುವ ಠೇವಣಿ ಎಂದು ಹಂತಹಂತವಾಗಿ ಹಣ ಪಡೆಯಲಾಗುತ್ತದೆ. ಪ್ರತಿ ಬಾರಿಯೂ ಹಿಂದೆ ಕಟ್ಟಿದ ಹಣ ಹೋಗಬಾರದೆಂಬ ಆತಂಕದಿಂದಲೇ ಜನರು ಮತ್ತೆ ಹಣ ಕಟ್ಟುತ್ತಾರೆ. ಹಣ ಮರಳಿಸುವ ನೆಪದಲ್ಲಿ ಕ್ಯೂಆರ್ ಸಂಕೇತ ಕಳುಹಿಸುವುದೂ ಉಂಟು. ಯುಪಿಐ ಮೂಲಕ ಹಣ ಸ್ವೀಕರಿಸಲು ಪಿನ್ ನಮೂದಿಸುವ ಅಗತ್ಯವಿಲ್ಲ. ಪಿನ್ ಕೇಳಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆಂದೇ ಅರ್ಥ.

5. ಖರೀದಿಯ ಸರಿಯಾದ ಕ್ರಮ

1) ಜಾಹೀರಾತನ್ನು ಕಾರು ಹುಡುಕಲು ಮಾತ್ರ ಬಳಸಿರಿ. ಸಾಧ್ಯವಾದಷ್ಟು ಹುಬ್ಬಳ್ಳಿ–ಧಾರವಾಡ ಹಾಗೂ ನೆರೆಯ ಜಿಲ್ಲೆಗಳ ವಾಹನಗಳನ್ನೇ ಆಯ್ದುಕೊಳ್ಳಿರಿ.

2) ನೋಂದಣಿ ಸಂಖ್ಯೆ ಪಡೆದು ಎಂ-ಪರಿವಾಹನ್ ಆ್ಯಪ್ ಅಥವಾ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ದಿನಾಂಕ, ಇಂಧನ, ವಿಮೆ ಮತ್ತು ಸಾಲದ ವಿವರಗಳನ್ನು ಹಾಗೂ ಬಾಕಿ ದಂಡಗಳನ್ನು ನೋಡಿರಿ. ಕಳವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ವಿಚಾರಣೆ ಸೇವೆಯಲ್ಲಿ ಪರಿಶೀಲಿಸಬಹುದು.

3) ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದು, ನೋಂದಾಯಿತ ಮಾಲೀಕರನ್ನೇ ಭೇಟಿಯಾಗಿರಿ. ಮೆಕ್ಯಾನಿಕ್‌ನ ಕೂಲಿ ಹಾಗೂ ಒಂದು ದಿನದ ಪ್ರಯಾಣದ ಖರ್ಚು ಮುಂದಾಗಬಹುದಾದ ನಷ್ಟಕ್ಕೆ ಹೋಲಿಸಿದರೆ ಅತ್ಯಲ್ಪ.

4) ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಕೇಂದ್ರ ನಿಯಮಗಳ ಮೇರೆಗೆ ಪಡೆದ ಅಧಿಕಾರಪತ್ರವನ್ನು ತೋರಿಸಲು ಕೇಳಿರಿ.

5) ನಮೂನೆ 29 ಮತ್ತು 30ಕ್ಕೆ ಸಹಿಯಾದ ನಂತರ, ಮಾಲೀಕರ ಬ್ಯಾಂಕ್ ಖಾತೆಗೇ ಹಣ ಪಾವತಿಸಿ ರಸೀದಿ ಪಡೆಯಿರಿ. ಖಾಲಿ ನಮೂನೆಗಳಿಗೆ ಸಹಿ ಮಾಡುವುದಾಗಲಿ, ಸಹಿಯಾದ ಖಾಲಿ ನಮೂನೆಗಳನ್ನು ಪಡೆಯುವುದಾಗಲಿ ಸಲ್ಲದು.

6) ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

6. ವಂಚನೆ ಅಥವಾ ನಷ್ಟವಾದಲ್ಲಿ

ಹಣ ಕಳುಹಿಸಿ ಮೋಸಹೋಗಿರುವುದು ತಿಳಿದ ಕೂಡಲೇ, ಸಂಕೋಚಪಡದೆ, ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕನ ಖಾತೆಯಿಂದ ಹಣ ಹೊರಹೋಗುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಬಳಿಕ ಜಿಲ್ಲೆಯ ಸಿ.ಇ.ಎನ್. ಅಪರಾಧ ಪೊಲೀಸ್ ಠಾಣೆಗೆ ಅಥವಾ ಸಮೀಪದ ಠಾಣೆಗೆ ಲಿಖಿತ ದೂರು ನೀಡಬೇಕು. ಜಾಹೀರಾತು, ಸಂದೇಶಗಳು ಮತ್ತು ಪಾವತಿಯ ವಿವರಗಳನ್ನು ಅಳಿಸದೆ ಕಾಯ್ದಿಟ್ಟುಕೊಳ್ಳಬೇಕು.

ವ್ಯಾಪಾರಿ ದೋಷ ಮರೆಮಾಚಿ ಮಾರಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನ ಸ್ವಂತ ಕಾರನ್ನು ಮಾರಿದಾಗ ಈ ಪರಿಹಾರ ಸಾಮಾನ್ಯವಾಗಿ ಲಭಿಸುವುದಿಲ್ಲ. ಸಿವಿಲ್ ನ್ಯಾಯಾಲಯದ ದೀರ್ಘ ಮಾರ್ಗವೇ ಉಳಿಯುತ್ತದೆ. ಆದಕಾರಣ ಕೊಳ್ಳುವ ಮುನ್ನ ಮಾಡುವ ಪರಿಶೀಲನೆಯೇ ಅತ್ಯಂತ ಸುಲಭವಾದ ರಕ್ಷಣೆಯಾಗಿದೆ.

ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡಿ ಬೆಲೆ ಕಟ್ಟುವುದು ನಮ್ಮ ರೈತರ ರೂಢಿ. ಅದೇ ಎಚ್ಚರವನ್ನು ಕಾರಿನ ಖರೀದಿಯಲ್ಲಿಯೂ ವಹಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಹೆಸರು ವರ್ಗಾವಣೆ ಮತ್ತು ತೆರಿಗೆಯ ವಿವರಗಳಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.