ನಜರೇತಿನ ಮನೆ, ನಮ್ಮ ಮನೆ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿವೆ, ಡಬ್ಬಿಯಲ್ಲಿ ಕಜ್ಜಾಯ, ಕಲ್‌ಕಲ್ ಒಂದಿಷ್ಟು ಉಳಿದಿವೆ. ಈ ನಡುವೆ ಮಾತೆ ಧರ್ಮಸಭೆ ನಮ್ಮ ಕಣ್ಣನ್ನು ಗೋದಲಿಯ ಮಗುವಿನಿಂದ ಸ್ವಲ್ಪ ಮೇಲಕ್ಕೆತ್ತಿ, ಅದರ ಎರಡೂ ಬದಿಯಲ್ಲಿ ನಿಂತಿರುವ ಗಂಡ ಹೆಂಡತಿಯನ್ನು ನೋಡಿರೆಂದು ಹೇಳುತ್ತದೆ. ಜಗದ್ಗುರು ಹದಿಮೂರನೆಯ ಲಿಯೋರವರ ಕಾಲದಲ್ಲಿ, 1893ರಲ್ಲಿ, ಅನುಮತಿ ಪಡೆದು ಅಲ್ಲಲ್ಲಿ ಆಚರಣೆಗೆ ಬಂದ ಈ ಹಬ್ಬವನ್ನು 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಮೊದಲು ಜನವರಿಯಲ್ಲಿ ಬರುತ್ತಿದ್ದ ಹಬ್ಬ 1969ರ ಪಂಚಾಂಗ ಸುಧಾರಣೆಯ ನಂತರ ಕ್ರಿಸ್ತಜಯಂತಿಯ ಮರುಭಾನುವಾರಕ್ಕೆ ಬಂದಿತು. ಕ್ರಿಸ್ತಜಯಂತಿಯೇ ಭಾನುವಾರ ಬಿದ್ದ ವರ್ಷ ಡಿಸೆಂಬರ್ 30ರಂದು ಆಚರಿಸುತ್ತೇವೆ.

ಆದರೆ ಈ ಹಬ್ಬದ ದಿನ ಪ್ರಬೋಧನೆ ಕೇಳಿದ ಮೇಲೆ ದೇವಾಲಯದ ಬಾಗಿಲಲ್ಲಿ ಗುರುಗಳಿಗೆ ಎದುರಾಗುವ ಮಾತೊಂದಿದೆ. "ಫಾದರ್, ಆ ಮನೇಲಿ ಗಂಡ ಸಂತರು, ಹೆಂಡತಿ ಪಾಪವೇ ಇಲ್ಲದವರು, ಮಗ ಸಾಕ್ಷಾತ್ ದೇವರು. ನಮ್ಮ ಮನೆಗೂ ಆ ಮನೆಗೂ ಎಲ್ಲಿಯ ಹೋಲಿಕೆ?" ನಗುತ್ತಲೇ ಹೇಳುತ್ತಾರೆ, ಆದರೆ ನಗುವಿನ ಹಿಂದೆ ಬೇರೇನೋ ಇರುತ್ತದೆ. ವಾರಗಟ್ಟಲೆ ಮಾತಿಲ್ಲದ ಮನೆಗಳಿವೆ. ಹಣ ಕಳುಹಿಸುವುದಕ್ಕೆ ಮಾತ್ರ ಪರದೇಶದಿಂದ ಫೋನ್ ಬರುವ ಮನೆಗಳಿವೆ. ಭಾನುವಾರ ಒಂದೇ ಬೆಂಚಿನಲ್ಲಿ ಕೂತು, ಶಾಂತಿ ಸೂಚಿಸುವಾಗ ಅಕ್ಕಪಕ್ಕದವರಿಗೆಲ್ಲ ಕೈ ಮುಗಿದು, ಒಬ್ಬರಿಗೊಬ್ಬರು ಮಾತ್ರ ಮುಖ ತಿರುಗಿಸದ ದಂಪತಿಗಳಿದ್ದಾರೆ. ಅಂಥವರಿಗೆ ಬಣ್ಣದ ಪಟದೊಳಗಿನ ಪವಿತ್ರ ಕುಟುಂಬ ಯಾವ ನೆರವಿಗೆ ಬರುತ್ತದೆ? ಇದು ನ್ಯಾಯವಾದ ಪ್ರಶ್ನೆ. ಹಾರಿಕೆಯ ಉತ್ತರ ಕೊಟ್ಟರೆ ಸಾಲದು.

ಉತ್ತರವನ್ನು ಪಟದಲ್ಲಿ ಹುಡುಕುವುದು ಬೇಡ, ಶುಭಸಂದೇಶದಲ್ಲಿ ಹುಡುಕೋಣ. ಯೇಸುಸ್ವಾಮಿ ಬೋಧನೆ ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ ಎಂದು ಸಂತ ಲೂಕರು ಬರೆಯುತ್ತಾರೆ. ಆ ಮೂವತ್ತು ವರ್ಷಗಳ ಹೆಚ್ಚಿನ ಭಾಗ ನಜರೇತೆಂಬ ಸಣ್ಣ ಊರಿನಲ್ಲಿ, ಬಡಗಿಯ ಮನೆಯಲ್ಲಿ ಕಳೆಯಿತು. ಅಲ್ಲಿ ಏನು ನಡೆಯಿತೆಂದು ಶುಭಸಂದೇಶಕರ್ತರು ಹೆಚ್ಚು ಹೇಳುವುದಿಲ್ಲ. ಆದರೆ ಯೇಸುಸ್ವಾಮಿ ಹೇಳಿದ ಸಾಮತಿಗಳನ್ನು ನಿಧಾನವಾಗಿ ಓದಿದರೆ ಆ ಮನೆಯ ಒಳಗು ಕಾಣಿಸತೊಡಗುತ್ತದೆ. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ಇನ್ನೂ ದೊಡ್ಡದಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ತೇಪೆ ಹಾಕುವ ತಾಯಿಯ ಪಕ್ಕದಲ್ಲಿ ಕೂತವರಿಗೆ ಮಾತ್ರ ತಿಳಿಯುವ ವಿಷಯ ಅದು. ಹಿಟ್ಟಿಗೆ ಹುಳಿ ಎಷ್ಟು ಬೇಕು, ದೀಪವನ್ನು ಎಲ್ಲಿಟ್ಟರೆ ಮನೆಗೆಲ್ಲ ಬೆಳಕು ಬೀಳುತ್ತದೆ, ಮಕ್ಕಳು ಮೀನು ಕೇಳುತ್ತಾರೆ, ಮೊಟ್ಟೆ ಕೇಳುತ್ತಾರೆ, ಮಧ್ಯರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಮಲಗಿರುವ ಮಕ್ಕಳು ಎದ್ದಾರೆಂದು ಅಪ್ಪ ಗೊಣಗುತ್ತಾನೆ, ಇವೆಲ್ಲ ಅವರ ಬೋಧನೆಯಲ್ಲಿ ಬರುತ್ತವೆ. ದೇವರ ರಾಜ್ಯವನ್ನು ವಿವರಿಸುವುದಕ್ಕೆ ಅವರು ಶಾಸ್ತ್ರಿಗಳ ಗ್ರಂಥಗಳಿಗಿಂತ ಹೆಚ್ಚಾಗಿ ಅಡುಗೆಮನೆಗೆ, ಹೊಲಕ್ಕೆ, ಸಂತೆಬೀದಿಗೆ ಹೋದರು.

ಹಿಟ್ಟಿನ ಸಾಮತಿಯನ್ನೇ ನೋಡಿ. ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನಲ್ಲಿ ಹುಳಿಯನ್ನು ಬೆರೆಸಿಟ್ಟಳು ಎನ್ನುತ್ತಾರೆ. ಆ ಕಾಲದ ಮೂರು ಅಳತೆ ಎಂದರೆ ಸುಮಾರು 40 ಲೀಟರ್. ನೂರು ಜನರಿಗೆ ರೊಟ್ಟಿಯಾಗುವಷ್ಟು ಹಿಟ್ಟು! ಹುಳಿಯೋ, ಒಂದು ಹಿಡಿ. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಚಮಚ ಮಜ್ಜಿಗೆ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುತ್ತದೆ. ಆದರೆ ಹೆಪ್ಪು ಹಾಕಿದ ಮೇಲೆ ಗಳಿಗೆಗೊಮ್ಮೆ ಪಾತ್ರೆ ಅಲುಗಾಡಿಸಿ ನೋಡಿದರೆ ಮೊಸರು ಗಟ್ಟಿಯಾಗುವುದಿಲ್ಲ, ನೀರೊಡೆಯುತ್ತದೆ. ಮದುವೆಯ ಮೊದಲ ವರ್ಷಗಳಲ್ಲಿ ಎರಡೂ ಕಡೆಯ ಹಿರಿಯರು ಮಾಡುವ ಕೆಲಸ ಎಷ್ಟೋ ಸಲ ಇದೇ. ದಿನಕ್ಕೆರಡು ಬಾರಿ ಫೋನ್ ಮಾಡಿ "ಅವನು ಹೇಗೆ ನೋಡ್ಕೋತಾನೆ?" "ಅವಳು ಅಡುಗೆ ಮಾಡ್ತಾಳಾ?" ಎಂದು ಪಾತ್ರೆ ಅಲುಗಾಡಿಸುತ್ತಾರೆ. ಅತ್ತೆ ಮಾವಂದಿರೇ, ತಾಯಿ ತಂದೆಯರೇ, ಸ್ವಲ್ಪ ಮುಚ್ಚಿಟ್ಟು ದೂರ ನಿಲ್ಲಿ.

ಕಳೆದುಹೋದ ನಾಣ್ಯದ ಸಾಮತಿಯೂ ಮನೆಯ ಕಥೆಯೇ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದು ಕಳೆದುಹೋಗುತ್ತದೆ. ಒಂದು ನಾಣ್ಯ ಸುಮಾರು ಒಂದು ದಿನದ ಕೂಲಿ. ಆ ಹೆಂಗಸು ಯಾರನ್ನೂ ಬೈಯುವುದಿಲ್ಲ, ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವವರೆಗೆ ಹುಡುಕುತ್ತಾಳೆ. ಕುರಿ ಕಳೆದದ್ದು ಬೆಟ್ಟದಲ್ಲಿ, ಕಿರಿಯ ಮಗ ಕಳೆದುಹೋದದ್ದು ದೂರದೇಶದಲ್ಲಿ. ನಾಣ್ಯ ಮಾತ್ರ ಕಳೆದದ್ದು ಮನೆಯೊಳಗೇ. ಕುಟುಂಬದಲ್ಲಿ ಬಹಳಷ್ಟು ಹಾಗೆಯೇ ಕಳೆಯುತ್ತದೆ. ಯಾರೂ ಮನೆ ಬಿಟ್ಟು ಹೋಗಿರುವುದಿಲ್ಲ, ಆದರೆ ಒಬ್ಬರ ಮೇಲೊಬ್ಬರಿಗಿದ್ದ ಗೌರವ ಯಾವುದೋ ಮೂಲೆಗೆ ಉರುಳಿರುತ್ತದೆ. ಅದನ್ನು ಹುಡುಕಲು ದೂರದ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಹೋಗುವ ಮುನ್ನ ಮನೆಯೊಳಗೆ ಒಂದು ಸಲ ದೀಪ ಹಚ್ಚಬೇಕು.

ಇನ್ನು ನಜರೇತಿನ ಆ ಮನೆಯಲ್ಲಿ ಎಲ್ಲವೂ ಸುಗಮವಾಗಿತ್ತೇ? ಸಂತ ಲೂಕರ ಎರಡನೆಯ ಅಧ್ಯಾಯದ ಕೊನೆಯ ಭಾಗವನ್ನು ಓದಿ. ಪಾಸ್ಕ ಹಬ್ಬಕ್ಕೆಂದು ಜೆರುಸಲೇಮಿಗೆ ಹೋಗಿದ್ದಾರೆ. ನೂರು ಕಿಲೋಮೀಟರಿಗೂ ಮೀರಿದ ಕಾಲ್ನಡಿಗೆ. ಹಿಂದಿರುಗುವಾಗ ಹನ್ನೆರಡರ ಬಾಲಕ ಕಾಣೆ. ಅವನು ಬಂಧುಗಳ ಗುಂಪಿನಲ್ಲಿರಬಹುದೆಂದು ತಂದೆ ತಾಯಿ ಒಂದು ದಿನದ ದಾರಿ ನಡೆದುಬಿಟ್ಟಿದ್ದಾರೆ. ಮೂರನೆಯ ದಿನ ಮಗ ಸಿಕ್ಕಾಗ ಮಾತೆ ಮರಿಯಮ್ಮನವರು ಕೇಳುವ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ತಾವಿಬ್ಬರೂ ಕಳವಳದಿಂದ ಹುಡುಕಿದೆವೆಂದು ಹೇಳುವಾಗ ಅವರು ಮೊದಲು ಹೆಸರಿಸುವುದು ತಮ್ಮನ್ನಲ್ಲ, ಮಗುವಿನ ತಂದೆಯನ್ನು. ಜೋಸೆಫರ ಮೇಲೆ ತಪ್ಪು ಹೊರಿಸುವುದಿಲ್ಲ. ನಮ್ಮಲ್ಲಿ ಏನಾಗುತ್ತದೆ? ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಬಂದರೆ "ನನ್ನ ಮಗ". ಫೇಲಾದರೆ "ನಿನ್ನ ಮಗ". ಬೈಕ್ ಅಪಘಾತ ಮಾಡಿಕೊಂಡರೆ "ನೀನೇ ಸಲುಗೆ ಕೊಟ್ಟು ಹಾಳು ಮಾಡಿದ್ದು". ಕಷ್ಟ ಬಂದಾಗ ಗಂಡ ಹೆಂಡತಿ ಎರಡು ಪಕ್ಷವಾಗುವುದು ನಮ್ಮ ಮನೆಗಳ ದೊಡ್ಡ ರೋಗ. ಮಗ ಕೊಟ್ಟ ಉತ್ತರ ಆ ತಂದೆ ತಾಯಿಗೆ ಅರ್ಥವಾಗಲಿಲ್ಲವೆಂದೂ ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹದಿಹರೆಯದ ಮಕ್ಕಳ ಮಾತು ಅರ್ಥವಾಗದ ತಂದೆ ತಾಯಿಯರೇ, ಪವಿತ್ರ ಕುಟುಂಬದಲ್ಲೂ ಹಾಗೆ ಆಗಿತ್ತು.

ಇಲ್ಲಿ ವಿವಾಹ ಸಂಸ್ಕಾರದ ಬಗ್ಗೆ ನಮ್ಮಲ್ಲಿ ಅನೇಕರಿಗೆ ತಿಳಿಯದ ಒಂದು ವಿಷಯ ಹೇಳಬೇಕು. ದೀಕ್ಷಾಸ್ನಾನ ಕೊಡುವವರು ಸಾಮಾನ್ಯವಾಗಿ ಗುರುಗಳು, ಪಾಪನಿವೇದನೆ ಕೇಳುವವರು ಗುರುಗಳು. ಆದರೆ ನಮ್ಮ ಲತೀನ್ ಧರ್ಮಸಭೆಯ ಬೋಧನೆಯ ಪ್ರಕಾರ ವಿವಾಹ ಸಂಸ್ಕಾರವನ್ನು ನೀಡುವವರು ವಧು ವರರೇ. ಒಪ್ಪಿಗೆಯ ಮಾತಿನ ಮೂಲಕ ಅವರು ಒಬ್ಬರಿಗೊಬ್ಬರು ಸಂಸ್ಕಾರವನ್ನು ಕೊಡುತ್ತಾರೆ. ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಆ ಒಪ್ಪಿಗೆ ಕೇಳಿ ಸ್ವೀಕರಿಸುವ ಸಾಕ್ಷಿ, ಆಶೀರ್ವದಿಸುವವರು. ತಾಳಿ, ಉಂಗುರ, ಹಾರ, ಕರಾವಳಿಯವರ ರೋಸ್, ಒಳನಾಡಿನವರ ಅರಿಶಿನ ಎಲ್ಲವೂ ಚೆಂದವೇ, ಆದರೆ ಸಂಸ್ಕಾರದ ತಿರುಳು ಆ ಒಪ್ಪಿಗೆ. ಇದರಿಂದ ಹೊರಡುವ ಅರ್ಥ ದೊಡ್ಡದು. ಫೋಟೋದವರು ಹೋದ ಮೇಲೆ, ಛತ್ರದ ಬಾಕಿ ತೀರಿದ ಮೇಲೆ ಈ ಸಂಸ್ಕಾರ ಮುಗಿಯುವುದಿಲ್ಲ. ಜ್ವರ ಬಂದ ಹೆಂಡತಿಗೆ ಗಂಡ ಗಂಜಿ ಕಾಯಿಸಿ ಕೊಟ್ಟಾಗ, ಕೆಲಸ ಕಳೆದುಕೊಂಡು ಬಂದ ಗಂಡನಿಗೆ ಹೆಂಡತಿ ಏನೂ ಕೇಳದೆ ತಟ್ಟೆ ಹಾಕಿದಾಗ, ಅಂದು ಕೊಟ್ಟ ಮಾತು ಮತ್ತೊಮ್ಮೆ ನಡೆಯುತ್ತಿರುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದದ್ದು ಬರೀ ಅಲಂಕಾರದ ಮಾತಲ್ಲ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತೆಂದು ಸಂತ ಯೊವಾನ್ನರು ಹೇಳುತ್ತಾರೆ. ಆರು ಕಲ್ಲಿನ ಬಾನೆಗಳು. ಒಂದೊಂದರಲ್ಲಿ 80ರಿಂದ 120 ಲೀಟರ್ ಹಿಡಿಯುತ್ತಿತ್ತು. ನಲ್ಲಿಯಿಲ್ಲದ ಕಾಲದಲ್ಲಿ ಅಷ್ಟು ನೀರು ಹೊತ್ತು ಕಂಠದ ತನಕ ತುಂಬಿಸುವುದೆಂದರೆ ಎಷ್ಟು ಕೊಡ ಹೊರಬೇಕು, ಲೆಕ್ಕ ಹಾಕಿ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನೀರು ಹೊತ್ತವರಿಗೆ ಆ ಭಾರ ಗೊತ್ತು. ಯೇಸುಸ್ವಾಮಿ ಬರಿದಾದ ಬಾನೆಯಲ್ಲಿ ದ್ರಾಕ್ಷಾರಸ ಉಕ್ಕಿಸಬಹುದಿತ್ತು. ಹಾಗೆ ಮಾಡದೆ ಮೊದಲು ನೀರು ತುಂಬಿಸಿ ಎಂದರು. ಸಂಸಾರದಲ್ಲಿ ರುಚಿ ಮುಗಿಯುವ ದಿನ ಪ್ರತಿ ಮನೆಗೂ ಬರುತ್ತದೆ. ಅಂದು ನಮ್ಮ ಕೈಯಲ್ಲಿರುವುದು ನೀರು ಮಾತ್ರ, ಅಂದರೆ ದಿನದಿನದ ಸಪ್ಪೆ ಕೆಲಸ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಗೆ ಮಾತ್ರೆ ಕೊಡುವುದು, ಸಾಲದ ಕಂತು ಕಟ್ಟುವುದು. ಔತಣದ ಪಾರುಪತ್ಯಗಾರನಿಗೆ ಒಳ್ಳೆಯ ದ್ರಾಕ್ಷಾರಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನೀರು ಸೇದಿದ ಆಳುಗಳಿಗೆ ತಿಳಿದಿತ್ತು.

ಇದೆಲ್ಲ ಹಳೆಯ ಕಾಲದ ಮಾತೆನ್ನುವವರಿಗೆ ಹತ್ತಿರದ ಒಂದು ದೃಷ್ಟಾಂತ. ಬಾಲಯೇಸುವಿನ ಸಂತ ತೆರೇಸಾರ ಪಟ ನಮ್ಮ ಅನೇಕ ದೇವಾಲಯಗಳಲ್ಲಿದೆ. ಅವರ ತಂದೆ ತಾಯಿ ಲೂಯಿ ಮತ್ತು ಜೆಲಿ ಮಾರ್ಟಿನ್. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಈ ದಂಪತಿಯನ್ನು ಒಟ್ಟಿಗೆ ಸಂತ ಪದವಿಗೇರಿಸಿದರು. ಫ್ರಾನ್ಸಿನ ಅಲಾಂಸೋನ್ ಪಟ್ಟಣದಲ್ಲಿ ಅವರು ಗಡಿಯಾರ ರಿಪೇರಿ ಮಾಡುವವರು, ಇವರು ಲೇಸ್ ಹೆಣೆಯುವವರು. 1858ರಲ್ಲಿ ಮದುವೆ. ಒಂಬತ್ತು ಮಕ್ಕಳು, ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಹೆಂಡತಿಯ ಲೇಸ್ ವ್ಯಾಪಾರ ಬೆಳೆದಾಗ 1870ರಲ್ಲಿ ಲೂಯಿಯವರು ತಮ್ಮ ಗಡಿಯಾರದಂಗಡಿಯನ್ನು ಬಿಟ್ಟುಕೊಟ್ಟು ಅವರ ವ್ಯಾಪಾರಕ್ಕೆ ಹೆಗಲು ಕೊಟ್ಟರು. ನೂರೈವತ್ತು ವರ್ಷಗಳ ಹಿಂದಿನ ಗಂಡಸು! ಹೆಂಡತಿಯ ಸಂಬಳ ತನ್ನದಕ್ಕಿಂತ ಹೆಚ್ಚೆಂದು ಮುಖ ಊದಿಸಿಕೊಳ್ಳುವ ಇಂದಿನ ಗಂಡಂದಿರು ಇದನ್ನು ಎರಡು ಸಲ ಓದಬೇಕು. 1877ರಲ್ಲಿ ಜೆಲಿಯವರು ಸ್ತನ ಕ್ಯಾನ್ಸರಿನಿಂದ ತೀರಿಹೋದಾಗ ಕಿರಿಯ ಮಗಳು ತೆರೇಸಾಗೆ ನಾಲ್ಕೇ ವರ್ಷ. ಲೂಯಿಯವರು ಕೊನೆಗಾಲದಲ್ಲಿ ಮನೋರೋಗಕ್ಕೆ ತುತ್ತಾಗಿ ಮೂರು ವರ್ಷ ಆಸ್ಪತ್ರೆಯಲ್ಲಿದ್ದರು. ಅಂಗಡಿ, ಬಾಣಂತನ, ಶವಪೆಟ್ಟಿಗೆ, ಆಸ್ಪತ್ರೆ, ಇವುಗಳ ನಡುವೆಯೇ ಅವರು ಸಂತರಾದರು.

2025ರಲ್ಲಿ ಪರಲೋಕ ಸೇರಿದ ಜಗದ್ಗುರು ಫ್ರಾನ್ಸಿಸರು ಕುಟುಂಬಗಳಿಗೆ ಮೂರು ಮಾತುಗಳನ್ನು ಮತ್ತೆ ಮತ್ತೆ ಕಲಿಸುತ್ತಿದ್ದರು. ಅನುಮತಿ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಒಳ್ಳೆಯ ಬೋಧನೆ. ಆದರೆ ಕನ್ನಡದ ಮನೆಗಳಲ್ಲಿ ಹೆಂಡತಿಗೆ "ಧನ್ಯವಾದಗಳು" ಎಂದರೆ ವಾರ್ಷಿಕೋತ್ಸವದ ವಂದನಾರ್ಪಣೆಯ ಹಾಗಾಗುತ್ತದೆ, ಅವಳೇ ನಕ್ಕಾಳು. ನಮ್ಮಲ್ಲಿ ಆ ಮಾತಿಗೆ ಬೇರೆ ರೂಪವಿದೆ. "ಇವತ್ತು ಸಾರು ಚೆನ್ನಾಗಿತ್ತು ಕಣೇ." "ನಿಂದು ಊಟ ಆಯ್ತಾ?" ಬಡಿಸಿದವಳು ಉಂಡಳೇ ಎಂದು ಕೇಳದೆ ಕೈ ತೊಳೆದು ಟಿವಿ ಮುಂದೆ ಕೂರುವ ಗಂಡಂದಿರೇ, ಈ ಒಂದು ಪ್ರಶ್ನೆಯಿಂದ ಶುರು ಮಾಡಿ. ಕ್ಷಮೆಯೂ ಹಾಗೆಯೇ. "ತಪ್ಪಾಯಿತು" ಎನ್ನಲು ನಾಲಿಗೆ ಏಳದವರು ಮುನಿಸಿಕೊಂಡವರ ಪಕ್ಕ ಒಂದು ಲೋಟ ಕಾಫಿ ಇಡುತ್ತಾರೆ. ಅದನ್ನು ಕ್ಷಮೆಯೆಂದು ಗುರುತಿಸುವುದೂ ಒಂದು ಔದಾರ್ಯ. ಆದರೂ ದೊಡ್ಡ ಗಾಯಕ್ಕೆ ಕಾಫಿ ಸಾಲದು, ಬಾಯಿಬಿಟ್ಟೇ ಹೇಳಬೇಕು. ಅದೂ ಹೊತ್ತು ಮುಳುಗುವ ಮುನ್ನ ಎಂದು ಸಂತ ಪೌಲರು ಎಫೆಸಿಯರಿಗೆ ಬರೆದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಹಿಸಿಕೊಳ್ಳಿ, ಕ್ಷಮಿಸಿ ಎಂಬ ಬೋಧನೆಯನ್ನು ಕೇಳಿ, ಕುಡಿದು ಬಂದು ಹೊಡೆಯುವ ಗಂಡನ ಏಟನ್ನು ಶಿಲುಬೆಯೆಂದು ಹೊರುವ ಸೋದರಿಯರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಧರ್ಮಸಭೆ ಅದನ್ನು ಕೇಳುವುದಿಲ್ಲ. ಸಂಗಾತಿಯಿಂದ ತನ್ನ ಅಥವಾ ಮಕ್ಕಳ ದೇಹಕ್ಕೆ, ಆತ್ಮಕ್ಕೆ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆಯೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ತಡಮಾಡಿದರೆ ಅಪಾಯವೆಂದಾದರೆ ಧರ್ಮಾಧ್ಯಕ್ಷರ ಅಪ್ಪಣೆಗೂ ಕಾಯಬೇಕಾಗಿಲ್ಲ. ಹೆರೋದನ ಕತ್ತಿಯಿಂದ ಮಗುವನ್ನು ಉಳಿಸಲು ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಓಡಿಹೋಗುವುದೂ ಕೆಲವೊಮ್ಮೆ ವಿಧೇಯತೆಯೇ. ಅಂಥ ಸ್ಥಿತಿಯಲ್ಲಿರುವವರು ದಯವಿಟ್ಟು ಒಬ್ಬರೇ ನುಂಗಿಕೊಳ್ಳಬೇಡಿ, ನಂಬಿಕೆಯುಳ್ಳ ಗುರುಗಳಿಗೋ ಕನ್ಯಾಸ್ತ್ರೀಯರಿಗೋ ಹೇಳಿ, ಪೊಲೀಸರ ನೆರವು ಪಡೆಯಲೂ ಹಿಂಜರಿಯಬೇಡಿ.

ಉಳಿದವರಿಗೆ ಒಂದು ಸಣ್ಣ ವಿನಂತಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸಂಜೆಯ ಜಪಸರ ಮುಗಿದೊಡನೆ ಮಕ್ಕಳು ಹಿರಿಯರ ಬಳಿ ಬಂದು ಬೆಸಾಂವ್, ಅಂದರೆ ಆಶೀರ್ವಾದ ಕೇಳುವ ಪದ್ಧತಿಯಿದೆ. ಸಂಜೆ ಟ್ಯೂಷನ್, ಧಾರಾವಾಹಿ, ಮೊಬೈಲುಗಳ ನಡುವೆ ಅದು ಕೆಲವು ಮನೆಗಳಲ್ಲಿ ನಿಂತುಹೋಗಿದೆ. ಈ ಹಬ್ಬದ ಸಂಜೆ ಗೋದಲಿಯ ಮುಂದೆ ಎಲ್ಲರೂ ಸೇರಿರಿ. ಜಪಸರ ಪೂರ್ತಿಯಾಗದಿದ್ದರೆ ಒಂದು ರಹಸ್ಯವಾದರೂ ಆಗಲಿ. ಮಕ್ಕಳ ಹಣೆಯ ಮೇಲೆ ತಂದೆ ತಾಯಿ ಇಬ್ಬರೂ ಶಿಲುಬೆಯ ಗುರುತು ಹಾಕಿ. ಆಮೇಲೆ, ಮಕ್ಕಳು ನೋಡುತ್ತಿರುವಾಗಲೇ, ಗಂಡ ಹೆಂಡತಿಯ ಹಣೆಗೆ, ಹೆಂಡತಿ ಗಂಡನ ಹಣೆಗೆ ಅದೇ ಗುರುತು ಹಾಕಿ. ನಾಚಿಕೆಯಾದೀತು, ಮಕ್ಕಳು ಕಿಸಕ್ಕನೆ ನಕ್ಕಾರು. ನಗಲಿ ಬಿಡಿ. ವಾರದಿಂದ ಮಾತು ಬಿಟ್ಟಿದ್ದರೆ, ಮಾತಿಗಿಂತ ಮೊದಲು ಹೆಬ್ಬೆರಳು ಹಣೆ ಮುಟ್ಟಲಿ.